ಹಿಂದೆ ಬಿದ್ದವನು ಚೇಸ್ ಮಾಡಿದನೋ, ಸ್ಟಾಕ್ ಮಾಡಿದನೋ?

‘ಅವನು ನನ್ನ ಹಿಂದೆ ಬಿದ್ದಿದ್ದಾನೆ.’ ಈ ಮಾತನ್ನು ಪದಕ್ಕೆ ಪದ ಇಟ್ಟು ಇಂಗ್ಲಿಷಿಗೆ ಒಯ್ದರೆ ‘ಹಿ ಹ್ಯಾಸ್ ಫಾಲನ್ ಬಿಹೈಂಡ್ ಮಿ’ ಆಗುತ್ತದೆ. ವ್ಯಾಕರಣ ಸರಿಯಾಗಿದೆ, ಅರ್ಥ ಮಾತ್ರ ತಲೆಕೆಳಗು. ಅವನು ನನಗಿಂತ ಹಿಂದುಳಿದಿದ್ದಾನೆ, ನನ್ನ ಸಮಕ್ಕೆ ಬರಲು ಆಗಲಿಲ್ಲ ಎಂದಾಯಿತು. ‘ಹಿ ಈಸ್ ಬಿಹೈಂಡ್ ಮಿ’ ಎಂದರಂತೂ ಇನ್ನೂ ಫಜೀತಿ. ಕ್ಯೂನಲ್ಲಿ ನನ್ನ ಹಿಂದೆ ನಿಂತಿದ್ದಾನೆ ಅಥವಾ ನನ್ನ ಬೆನ್ನಿಗೆ ನಿಂತು ಬೆಂಬಲ ಕೊಡುತ್ತಿದ್ದಾನೆ ಎಂದು ಕೇಳಿದವರು ತಿಳಿಯುತ್ತಾರೆ. ದೂರು ಕೊಡಲು ಹೋದವರು ಹೊಗಳಿ ಬಂದಂತೆ.

ಈ ಗೊಂದಲವೇ ಬೇಡವೆಂದು ಹೆಚ್ಚಿನವರು ‘ಫಾಲೋ’ ಎಂಬ ಒಂದೇ ಪದಕ್ಕೆ ಜೋತುಬೀಳುತ್ತಾರೆ. ಠಾಣೆಯ ದೂರಿನಲ್ಲಿ ಫಾಲೋ, ಆಫೀಸಿನ ಈಮೇಲಿನಲ್ಲಿ ಫಾಲೋ, ಹುಲಿ ಜಿಂಕೆಯ ಮೇಲೆ ಎರಗುವ ಮುಂಚೆಯೂ ಫಾಲೋ. ಕನ್ನಡದಲ್ಲಿ ನಮಗೆ ಈ ಬಡತನವಿಲ್ಲ. ಹಿಂಬಾಲಿಸು, ಬೆನ್ನಟ್ಟು, ಹೊಂಚು ಹಾಕು, ಜಾಡು ಹಿಡಿ, ಪತ್ತೆ ಹಚ್ಚು, ದುಂಬಾಲು ಬೀಳು ಇವುಗಳಲ್ಲಿ ಯಾವುದನ್ನು ಎಲ್ಲಿ ಆಡಬೇಕೆಂದು ಯಾರೂ ನಿಂತು ಯೋಚಿಸುವುದಿಲ್ಲ. ಇಂಗ್ಲಿಷ್ ಪದಗಳ ನಡುವಿನ ಗೆರೆಗಳೂ ಬಹುಮಟ್ಟಿಗೆ ಇಲ್ಲೇ ಹಾದುಹೋಗುತ್ತವೆ. ಮೂರು ಪ್ರಶ್ನೆ ಕೇಳಿಕೊಂಡರೆ ಸರಿಯಾದ ಪದ ತಾನಾಗಿ ಸಿಗುತ್ತದೆ. ಮುಂದಿರುವವನಿಗೆ ವಿಷಯ ಗೊತ್ತೇ? ಹಿಂದಿರುವವನಿಗೆ ಹಿಡಿಯುವ ಉದ್ದೇಶ ಇದೆಯೇ? ಮುಂದಿರುವವನು ಕಣ್ಣಿಗೆ ಕಾಣುತ್ತಿದ್ದಾನೆಯೇ, ಇಲ್ಲಾ ಅವನು ಬಿಟ್ಟುಹೋದ ಗುರುತು ಮಾತ್ರ ಇದೆಯೇ?

ಒಂದು ದೃಶ್ಯ ನೋಡಿ. ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದ ಒಬ್ಬ ಚೀಲ ಹಿಡಿದು ಮೆಟ್ರೋ ಕಡೆ ನಡೆಯುತ್ತಿದ್ದಾನೆ. ಹತ್ತು ಹೆಜ್ಜೆ ಹಿಂದೆ ಇನ್ನೊಬ್ಬ. ‘ಫಾಲೋಡ್’ ಎಂದರೆ ಹಿಂದೆ ಹೋದ ಅಷ್ಟೇ. ಹಿಂದಿನವನು ಕಳ್ಳನೂ ಆಗಿರಬಹುದು, ದಾರಿ ಗೊತ್ತಿಲ್ಲದ ತಮ್ಮನೂ ಆಗಿರಬಹುದು. ‘ಟೇಲ್ಡ್’ ಎಂದ ಕೂಡಲೇ ಹಿಂದಿನವನು ಮಫ್ತಿಯ ಪೊಲೀಸ್ ಅಥವಾ ಪತ್ತೇದಾರ ಆಗುತ್ತಾನೆ, ಮುಂದಿನವನಿಗೆ ಸುಳಿವೇ ಇಲ್ಲ. ‘ಚೇಸ್ಡ್’ ಎಂದರೆ ಇಬ್ಬರೂ ಓಡುತ್ತಿದ್ದಾರೆ, ಚೀಲ ಮೊದಲು ಯಾರದ್ದಿತ್ತು ಎಂಬ ಅನುಮಾನ ಓದುಗನಿಗೆ ಬರುತ್ತದೆ. ‘ಸ್ಟಾಕ್ಡ್’ ಎಂದರೆ ಮೈಯೆಲ್ಲ ಕಣ್ಣಾಗಿ, ಕಂಬದ ಮರೆಯಿಂದ ಕಂಬದ ಮರೆಗೆ. ‘ಟ್ರ್ಯಾಕ್ಡ್’ ಎಂದರೆ ಹಿಂದಿನವನು ಅಲ್ಲಿ ಇರಬೇಕಾಗಿಯೇ ಇಲ್ಲ; ಎಲ್ಲೋ ಕುಳಿತು ಮೊಬೈಲಿನ ಲೊಕೇಶನ್ ನೋಡುತ್ತಿರಬಹುದು. ಕಾಲುಗಳು ನಡೆದದ್ದು ಅದೇ ದಾರಿ, ಕಥೆ ಐದು.

ಫಾಲೋ: ದಿಕ್ಕು ತಪ್ಪಿಸುವ ಸಾಧು ಪದ

ಫಾಲೋ ಪದಕ್ಕೆ ಸ್ವಂತ ಬಣ್ಣವಿಲ್ಲ. ಅದಕ್ಕೇ ಅದು ಎಲ್ಲ ಕಡೆ ಸಲ್ಲುತ್ತದೆ, ಅದಕ್ಕೇ ಎಲ್ಲಿಯೂ ಪೂರ್ತಿ ಹೇಳುವುದಿಲ್ಲ. ಬಳಕೆಯಲ್ಲಿ ತಪ್ಪಾಗುವುದು ಮುಖ್ಯವಾಗಿ ಮೂರು ಕಡೆ.

ಮೊದಲನೆಯದು, ಅದರ ಪಕ್ಕ ಇನ್ನೊಂದು ‘ಹಿಂದೆ’ ಸೇರಿಸುವುದು. ಹಿಂದೆ ಎಂಬುದು ಪದದ ಒಳಗೇ ಇದೆ. ‘ಫಾಲೋ ಮಿ’ ಸಾಕು, ‘ಫಾಲೋ ಬಿಹೈಂಡ್ ಮಿ’ ಬೇಡ. ಎರಡನೆಯದು ಆಫೀಸಿನದು. ‘ಐ ವಿಲ್ ಫಾಲೋ ವಿತ್ ಹಿಮ್’ ಎಂದು ಬರೆದರೆ ಅರ್ಧದಲ್ಲೇ ನಿಂತುಹೋಯಿತು. ‘ಅಪ್’ ಬೇಕೇ ಬೇಕು. ವ್ಯಕ್ತಿಯ ಜೊತೆಗಾದರೆ ‘ಫಾಲೋ ಅಪ್ ವಿತ್’, ವಿಷಯದ ಬಗ್ಗೆಯಾದರೆ ‘ಫಾಲೋ ಅಪ್ ಆನ್’. ಅಕೌಂಟ್ಸ್‌ನವರ ಜೊತೆ ಬಿಲ್ಲಿನ ಬಗ್ಗೆ ವಿಚಾರಿಸುವುದಿದ್ದರೆ ಎರಡೂ ಒಂದೇ ವಾಕ್ಯದಲ್ಲಿ ಬರಬಹುದು. ಕ್ರಿಯಾಪದವಾದಾಗ ಎರಡು ಬಿಡಿ ಪದ, ನಾಮಪದವಾದಾಗ ನಡುವೆ ಅಡ್ಡಗೆರೆ.

ಮೂರನೆಯದರಲ್ಲಿ ಕನ್ನಡ ಬಲ್ಲವರು ಎಡವಲು ಸರಿಯಾದ ಕಾರಣವಿದೆ. ಮದುವೆ ಕರೆಯೋಲೆಯಲ್ಲಿ ‘ಮುಹೂರ್ತಂ ಫಾಲೋಡ್ ಬೈ ಲಂಚ್’ ಎಂದು ಅಚ್ಚಾಗಿರುತ್ತದೆ. ಯಾವುದು ಮೊದಲು? ಮುಹೂರ್ತ ಮೊದಲು, ಊಟ ಆಮೇಲೆ. ಕಾರ್ಯಕ್ರಮದ ಪಟ್ಟಿಯಲ್ಲಿ ‘ದ ಸ್ಪೀಚ್ ಫಾಲೋಸ್ ದ ಡಾನ್ಸ್’ ಎಂದಿದ್ದರೆ? ಇಲ್ಲಿ ಭಾಷಣ ವಾಕ್ಯದಲ್ಲಿ ಮುಂದಿದ್ದರೂ ವೇದಿಕೆಗೆ ಬರುವುದು ನೃತ್ಯದ ನಂತರ. ಕನ್ನಡದಲ್ಲಿ ‘ನೃತ್ಯದ ನಂತರ ಭಾಷಣ’ ಎಂದು ನಡೆಯುವ ಕ್ರಮದಲ್ಲೇ ಹೇಳಿ ಮುಗಿಸುತ್ತೇವೆ, ಕ್ರಮ ಹೇಳಲು ಕ್ರಿಯಾಪದ ಬೇಕಾಗಿಯೇ ಇಲ್ಲ. ಇಂಗ್ಲಿಷಿನಲ್ಲಿ ಕ್ರಮ ಕ್ರಿಯಾಪದದ ರೂಪದಲ್ಲಿ ಅಡಗಿರುತ್ತದೆ. ನೆನಪಿಗೆ ಇಷ್ಟು ಸಾಕು: ‘ಬೈ’ ಇದ್ದರೆ ಬರೆದ ಕ್ರಮವೇ ನಡೆಯುವ ಕ್ರಮ, ‘ಬೈ’ ಇಲ್ಲದಿದ್ದರೆ ಉಲ್ಟಾ. ಔಷಧ ಬೆರೆಸುವ ಸೂಚನೆ, ಪ್ರಯೋಗಾಲಯದ ವಿಧಾನ, ಪೂಜೆಯ ಪಟ್ಟಿ ಇವುಗಳನ್ನು ಅನುವಾದಿಸುವವರು ಇಲ್ಲಿ ಒಮ್ಮೆ ನಿಂತು ನೋಡಲೇಬೇಕು. ಭಾಷಣ ಹಿಂದೆಮುಂದೆ ಆದರೆ ಯಾರಿಗೂ ನಷ್ಟವಿಲ್ಲ, ಆಮ್ಲ ಮತ್ತು ನೀರಿನ ವಿಷಯದಲ್ಲಿ ಹಾಗಲ್ಲ.

ಚೇಸ್: ಇಬ್ಬರೂ ಓಡಬೇಕು

ಚೇಸ್ ಅಂದರೆ ಅಟ್ಟಿಸಿಕೊಂಡು ಹೋಗುವುದು. ವೇಗ ಇರಬೇಕು, ಮುಂದಿನವನಿಗೆ ಗೊತ್ತಿರಬೇಕು, ಹಿಡಿಯುವ ಆಸೆ ಇರಬೇಕು. ಹಳೆಯ ಫ್ರೆಂಚಿನ ಬೇಟೆಯ ಮಾತಿನಿಂದ ಬಂದ ಪದ ಇದು. ಅದರ ಹಿಂದೆ ಹಿಡಿಯಲು ಯತ್ನಿಸು ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದವಿದೆ. ಅದೇ ಮೂಲದ ಪದ ಫ್ರಾನ್ಸಿನ ಉತ್ತರ ಭಾಗದ ಉಚ್ಚಾರಣೆಯಲ್ಲಿ ಇಂಗ್ಲಿಷಿಗೆ ಬಂದು ‘ಕ್ಯಾಚ್’ ಆಯಿತು. ಹೀಗೆ ಅಟ್ಟುವುದು ಮತ್ತು ಹಿಡಿಯುವುದು ಒಡಹುಟ್ಟಿದವು. ಅಂಗಡಿಯ ‘ಪರ್ಚೇಸ್’ ಒಳಗೂ ಇದೇ ಚೇಸ್ ಕುಳಿತಿದೆ. ಬೆನ್ನುಹತ್ತಿ ದಕ್ಕಿಸಿಕೊಳ್ಳುವುದು ಎಂಬುದೇ ಅದರ ಮೊದಲ ಅರ್ಥ, ದುಡ್ಡು ಕೊಟ್ಟು ಕೊಳ್ಳುವುದು ಆಮೇಲೆ ಬಂದದ್ದು.

ಉಚ್ಚಾರಣೆಯ ಒಂದು ಮಾತು. ಕೊನೆಯ ಸದ್ದು ‘ಸ್’, ‘ಫೇಸ್’ನಲ್ಲಿ ಇರುವಂತೆ, ‘ಫೇಝ್’ನಂತೆ ಅಲ್ಲ. ಭೂತರೂಪ ಬರೆಯುವಾಗ ಕೊನೆಗೆ ‘ಡಿ’ ಇದ್ದರೂ ಕೇಳುವುದು ‘ಚೇಸ್ಟ್’. ಶೀಲವಂತ ಎಂಬ ಅರ್ಥದ ಇಂಗ್ಲಿಷ್ ಪದವೂ ಕಿವಿಗೆ ತದ್ವತ್ ಹೀಗೇ ಕೇಳುತ್ತದೆ.

ಕನ್ನಡದ ‘ಅಟ್ಟು’ ಪದಕ್ಕೆ ಎರಡು ಮುಖ: ಬೆನ್ನಟ್ಟುವುದೂ ಅಟ್ಟುವುದೇ, ದೂರ ಓಡಿಸುವುದೂ ಅಟ್ಟುವುದೇ. ಚೇಸ್ ಕೂಡ ಹಾಗೆಯೇ, ಬಾಲಂಗೋಚಿಯಿಂದ ಅರ್ಥ ಬೇರೆಯಾಗುತ್ತದೆ. ‘ಚೇಸ್ ದ ಡಾಗ್’ ಎಂದರೆ ನಾಯಿಯ ಹಿಂದೆ ಓಡು. ‘ಚೇಸ್ ದ ಡಾಗ್ ಅವೇ’ ಎಂದರೆ ನಾಯಿಯನ್ನು ಓಡಿಸು. ‘ಚೇಸ್ ಡೌನ್’ ಎಂದರೆ ಅಟ್ಟಿ ಹಿಡಿ. ಈ ‘ಡೌನ್’ ಬಹಳ ಉಪಯೋಗದ್ದು. ಅಟ್ಟಿದ, ಹುಡುಕಿದ ಎಂಬುದನ್ನು ಅಟ್ಟಿ ಹಿಡಿದ, ಹುಡುಕಿ ತೆಗೆದ ಎಂದು ನಾವು ಮುಗಿಸುವುದಿಲ್ಲವೇ, ಅದೇ ಕೆಲಸವನ್ನು ಡೌನ್ ಮಾಡುತ್ತದೆ. ಮೂರು ದಿನ ‘ಟ್ರ್ಯಾಕ್’ ಮಾಡಿದರೆ ಸಿಕ್ಕಿರಬಹುದು, ಸಿಕ್ಕದೆಯೂ ಇರಬಹುದು. ‘ಟ್ರ್ಯಾಕ್ ಡೌನ್’ ಮಾಡಿದರೆ ಸಿಕ್ಕೇ ಸಿಕ್ಕ. ಒಂದೇ ಅಪಾಯ ‘ರನ್ ಡೌನ್’. ಓಡಿ ಹಿಡಿದ ಎಂದುಕೊಂಡು ಬರೆದರೆ, ಗಾಡಿ ಹತ್ತಿಸಿ ಕೆಡವಿದ ಎಂದು ಓದುವವರೇ ಹೆಚ್ಚು.

ಆಫೀಸಿನಲ್ಲಿ ಚೇಸ್ ಎಂದರೆ ಬಾಕಿಗಾಗಿ, ಉತ್ತರಕ್ಕಾಗಿ ಮತ್ತೆ ಮತ್ತೆ ಕೇಳುವುದು, ದುಂಬಾಲು ಬೀಳುವುದು. ಕೆಲಸ ಮಾಡಬೇಕಾದವರಿಗೇ ‘ಐ ಆಮ್ ಚೇಸಿಂಗ್ ಯು’ ಎಂದು ಬರೆದರೆ ಒರಟಾಗುತ್ತದೆ. ಅವರಿಗೆ ‘ಫಾಲೋಯಿಂಗ್ ಅಪ್’, ಮೇಲಧಿಕಾರಿಗೆ ವರದಿ ಮಾಡುವಾಗ ‘ಚೇಸಿಂಗ್’. ಕ್ರಿಕೆಟ್ಟಿನ ಚೇಸ್ ಯಾರಿಗೂ ಹೇಳಿಕೊಡಬೇಕಿಲ್ಲ. 2011ರ ವಿಶ್ವಕಪ್ ಫೈನಲ್‌ನಲ್ಲಿ ಶ್ರೀಲಂಕಾದ 274 ರನ್ ಬೆನ್ನತ್ತಿ ಭಾರತ ಗೆದ್ದದ್ದು ಚೇಸ್. ಕ್ರೀಡಾಪುಟದ ಕನ್ನಡಕ್ಕೆ ‘ಬೆನ್ನತ್ತು’ ಎಷ್ಟು ಚೆನ್ನಾಗಿ ಒಗ್ಗಿದೆ ಎಂದರೆ ಅಲ್ಲಿ ಚೇಸ್ ಪದವೇ ಬೇಕಿಲ್ಲ.

ಪರ್ಸ್ಯೂ, ಅದರ ಕಚೇರಿ ಬಂಧುಗಳು

ಚೇಸ್ ನಿಮಿಷಗಳ ಲೆಕ್ಕ, ಪರ್ಸ್ಯೂ ವರ್ಷಗಳ ಲೆಕ್ಕ. ಗುರಿ ಇಟ್ಟುಕೊಂಡು ಬಿಡದೆ ಸಾಗುವುದು ಇದರ ಜೀವಾಳ, ಕಾಲು ಓಡಲೇಬೇಕೆಂದಿಲ್ಲ. ಮೂಲ ಲ್ಯಾಟಿನ್ನಿನ ‘ಸೆಕ್ವಿ’, ಅಂದರೆ ಹಿಂದೆ ಹೋಗು. ಸೀಕ್ವೆನ್ಸ್, ಸೀಕ್ವೆಲ್, ಕಾನ್ಸಿಕ್ವೆನ್ಸ್ ಎಲ್ಲ ಅದೇ ಮನೆಯವು. ಮೊದಲನೆಯದರ ಹಿಂದೆ ಬರುವುದರಿಂದ ‘ಸೆಕೆಂಡ್’ ಕೂಡ. ಈ ಧಾತುವಿನ ಸಂಸ್ಕೃತ ದಾಯಾದಿ ‘ಸಚ್’, ಜೊತೆಗೂಡು ಎಂಬ ಅರ್ಥದ್ದು. ಅದರಿಂದ ಹುಟ್ಟಿದ್ದು ‘ಸಚಿವ’: ರಾಜನ ಒಡನಾಡಿ, ಆಮೇಲೆ ಮಂತ್ರಿ. ಇವತ್ತು ವಿಧಾನಸೌಧದಲ್ಲಿ ಸಚಿವರೇ ಮುಂದೆ, ಜನ ಹಿಂದೆ; ಪದದ ಹುಟ್ಟು ನೋಡಿದರೆ ಜೊತೆಗೆ ನಡೆಯಬೇಕಾದವರು ಅವರು.

ಬಯೋಡೇಟಾದಲ್ಲಿ ‘ಪರ್ಸ್ಯೂಯಿಂಗ್ ಬಿಇ’ ಎಂದು ಬರೆಯುವುದು ನಮ್ಮಲ್ಲಿ ರೂಢಿ. ತಪ್ಪಲ್ಲ, ಸ್ವಲ್ಪ ಬಿಗಿ ಅಷ್ಟೇ. ಮಾತಿನಲ್ಲಿ ‘ಡೂಯಿಂಗ್’ ಅಥವಾ ‘ಸ್ಟಡಿಯಿಂಗ್ ಫಾರ್’ ಸಾಕು. ತಪ್ಪಾಗುವುದು ಅಕ್ಷರದಲ್ಲಿ. ಪಿ ಆದ ಮೇಲೆ ಯು ಬರಬೇಕು: ಪಿ-ಯು-ಆರ್-ಎಸ್-ಯು-ಇ. ಅಲ್ಲಿ ಇ ಹಾಕಿದರೆ ಅಂಥ ಪದವೇ ಇಲ್ಲ. ಅಕ್ಷರ ಹೆಚ್ಚುಕಡಿಮೆಯಾಗಿ ‘ಪೆರೂಸ್’ ಆದರೆ ಇನ್ನೊಂದೇ ಅರ್ಥ: ಕೂಲಂಕಷವಾಗಿ ಓದು. ಸರ್ಕಾರಿ ಪತ್ರದ ‘ಫಾರ್ ಯುವರ್ ಕೈಂಡ್ ಪೆರೂಸಲ್’ ಇದರದ್ದೇ ರೂಪ, ಕನ್ನಡ ಕಡತದಲ್ಲಿ ‘ತಮ್ಮ ಅವಗಾಹನೆಗಾಗಿ’ ಎಂದಿರುತ್ತದೆ. ಪರ್ಸ್ಯೂ ಪದದ ಮುಂದೆ ‘ಆಫ್ಟರ್’ ಬೇಡ, ‘ಫಾರ್’ ಕೂಡ ಬೇಡ.

ಇದರ ಇಬ್ಬರು ಒಡಹುಟ್ಟಿದವರನ್ನು ಅದಲುಬದಲು ಮಾಡಿದರೆ ಎಡವಟ್ಟು ದೊಡ್ಡದು. ‘ಪ್ರಾಸಿಕ್ಯೂಟ್’ ಎಂದರೆ ಕಾನೂನಿನ ಪ್ರಕಾರ ಮೊಕದ್ದಮೆ ಹೂಡು. ‘ಪರ್ಸಿಕ್ಯೂಟ್’ ಎಂದರೆ ಧರ್ಮ, ಜಾತಿ, ವಿಚಾರಗಳ ಕಾರಣಕ್ಕೆ ಬೆನ್ನುಹತ್ತಿ ಹಿಂಸಿಸು. ತೋಟದ ಗೇಟಿನ ಬೋರ್ಡಿನಲ್ಲಿ ಎರಡನೆಯದು ಬಿದ್ದರೆ, ಅಪ್ಪಣೆಯಿಲ್ಲದೆ ಒಳಬಂದವರಿಗೆ ಕಿರುಕುಳ ಕೊಡಲಾಗುವುದು ಎಂದು ಮಾಲೀಕರೇ ಬರೆದುಕೊಟ್ಟಂತೆ.

ಪರ್ಸ್ಯೂಟ್ ಪದದ ಬಿಗಿ ಎಷ್ಟೆಂದು ತಿಳಿಯಲು ಸಮುದ್ರಕ್ಕೆ ಹೋಗಬೇಕು. ‘ಹಾಟ್ ಪರ್ಸ್ಯೂಟ್’ ಎಂದು ಟಿವಿ ಚರ್ಚೆಗಳಲ್ಲಿ ಸಲೀಸಾಗಿ ಆಡುವ ಮಾತಿಗೆ 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ 111ನೇ ವಿಧಿಯಲ್ಲಿ ಅಳತೆ ಹಾಕಿದ ಅರ್ಥವಿದೆ. ನಮ್ಮ ಕಾನೂನು ಮುರಿದ ವಿದೇಶಿ ಹಡಗು ನಮ್ಮ ಅಧಿಕಾರವಿರುವ ನೀರಿನಲ್ಲಿ ಇರುವಾಗಲೇ ಬೆನ್ನಟ್ಟುವಿಕೆ ಶುರುವಾಗಬೇಕು. ಅದಕ್ಕೂ ಮೊದಲು, ನಿಲ್ಲು ಎಂಬ ಸಂಕೇತವನ್ನು ಆ ಹಡಗಿಗೆ ಕಾಣುವ ಅಥವಾ ಕೇಳುವ ದೂರದಿಂದ ಕೊಟ್ಟಿರಬೇಕು. ನಡುವೆ ಬಿಟ್ಟು ಹಿಡಿಯುವ ಹಾಗಿಲ್ಲ. ಆ ಹಡಗು ತನ್ನ ದೇಶದ ಅಥವಾ ಮೂರನೆಯ ದೇಶದ ಪ್ರಾದೇಶಿಕ ಸಮುದ್ರಕ್ಕೆ ಹೊಕ್ಕ ಕ್ಷಣ ಹಕ್ಕು ಮುಗಿಯಿತು. ಚೇಸ್ ಪದಕ್ಕೆ ಈ ಹೊರೆ ಹೊರುವ ಶಕ್ತಿಯಿಲ್ಲ.

ಸ್ಟಾಕ್: ಕಾಡಿನಿಂದ ಕಾನೂನಿಗೆ

ಈ ಪದದಲ್ಲಿ ಎಲ್ ಅಕ್ಷರ ಬರೆಯುತ್ತಾರೆ, ಉಚ್ಚರಿಸುವುದಿಲ್ಲ. ಟಾಕ್, ವಾಕ್, ಚಾಕ್ ಇದ್ದ ಹಾಗೆ. ಕನ್ನಡ ಲಿಪಿಯಲ್ಲಿ ಷೇರುಪೇಟೆಯ ಸ್ಟಾಕ್ ಕೂಡ ಹೀಗೇ ಕಾಣುವುದರಿಂದ ಪತ್ರಿಕೆಯ ತಲೆಬರಹದಲ್ಲಿ ಒಮ್ಮೊಮ್ಮೆ ನಗೆಪಾಟಲಾಗುತ್ತದೆ.

ಹುಲಿ ಮತ್ತು ಸೀಳುನಾಯಿ ಬಂಡೀಪುರದ ಒಂದೇ ಕಾಡಿನಲ್ಲಿ ಒಂದೇ ಜಿಂಕೆಯನ್ನು ತಿನ್ನುತ್ತವೆ, ಆದರೆ ಅವುಗಳಿಗೆ ಇಂಗ್ಲಿಷ್ ಬೇರೆ ಬೇರೆ ಕ್ರಿಯಾಪದ ಕೊಡುತ್ತದೆ. ಹುಲಿ ಮೈಯನ್ನು ನೆಲಕ್ಕೆ ತಗ್ಗಿಸಿ, ಹುಲ್ಲು ಪೊದೆಗಳ ಮರೆಯಲ್ಲಿ ಒಂದೊಂದೇ ಹೆಜ್ಜೆ ಇಡುತ್ತದೆ. ಜಿಂಕೆ ತಲೆಯೆತ್ತಿದರೆ ಇದ್ದಲ್ಲೇ ಕಲ್ಲಾಗುತ್ತದೆ, ತಲೆ ತಗ್ಗಿಸಿದರೆ ಮತ್ತೊಂದು ಹೆಜ್ಜೆ. ತೀರ ಹತ್ತಿರವಾದ ಮೇಲೆ ಒಂದೇ ನೆಗೆತ. ಆ ನೆಗೆತಕ್ಕೆ ಮುಂಚಿನದೆಲ್ಲ ಸ್ಟಾಕ್. ಸೀಳುನಾಯಿಗಳಿಗೆ ಆ ನಾಜೂಕು ಬೇಕಿಲ್ಲ. ಗುಂಪಾಗಿ ಬೆನ್ನಿಗೆ ಬಿದ್ದು, ಜಿಂಕೆ ದಣಿದು ನಿಲ್ಲುವವರೆಗೆ ಓಡಿಸುತ್ತವೆ. ಅದು ಚೇಸ್, ಉದ್ದವಾದರೆ ಪರ್ಸ್ಯೂಟ್. ಸ್ಟಾಕ್ ಪದ ಹಳೆಯ ಇಂಗ್ಲಿಷಿನಲ್ಲಿ ಸದ್ದಿಲ್ಲದೆ ನಡೆ ಎಂಬುದರಿಂದ ಬಂದದ್ದು, ಕಳ್ಳತನದ ‘ಸ್ಟೀಲ್’ ಅದರ ಹತ್ತಿರದ ಸಂಬಂಧಿ. ನಮ್ಮ ‘ಹೊಂಚು’ ಇದಕ್ಕೆ ಹತ್ತಿರ, ಆದರೆ ಪೂರ್ತಿ ಅಲ್ಲ. ಹೊಂಚು ಹಾಕುವವನು ಕುಳಿತಲ್ಲೇ ಕಾಯಬಹುದು, ಸ್ಟಾಕ್ ಮಾಡುವವನು ಸರಿಯುತ್ತಲೇ ಇರಬೇಕು.

ಮನುಷ್ಯರ ವಿಷಯದಲ್ಲಿ ಈ ಪದ ಅಪರಾಧದ ಹೆಸರಾದದ್ದು ಇತ್ತೀಚೆಗೆ. ಅಮೆರಿಕದಲ್ಲಿ ಇದಕ್ಕೆಂದೇ ಮೊದಲ ಕಾನೂನು ಮಾಡಿದ್ದು ಕ್ಯಾಲಿಫೋರ್ನಿಯಾ, 1990ರಲ್ಲಿ. ಭಾರತದಲ್ಲಿ 2013ರ ತಿದ್ದುಪಡಿಯಿಂದ ದಂಡ ಸಂಹಿತೆಗೆ 354ಡಿ ಸೇರಿತು. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಇದೆ. ಅದರಲ್ಲಿ ಎರಡು ಭಾಗ. ಮಹಿಳೆ ತನಗೆ ಇಷ್ಟವಿಲ್ಲವೆಂದು ಸ್ಪಷ್ಟವಾಗಿ ತೋರಿಸಿದ ಮೇಲೂ ಪುರುಷನೊಬ್ಬ ಅವಳನ್ನು ಹಿಂಬಾಲಿಸಿ, ಸಲಿಗೆ ಬೆಳೆಸಲು ಮತ್ತೆ ಮತ್ತೆ ಸಂಪರ್ಕಿಸುವುದು ಅಥವಾ ಸಂಪರ್ಕಿಸಲು ಯತ್ನಿಸುವುದು ಒಂದು. ಅವಳ ಇಂಟರ್ನೆಟ್, ಈಮೇಲ್ ಮುಂತಾದ ಎಲೆಕ್ಟ್ರಾನಿಕ್ ಸಂಪರ್ಕದ ಬಳಕೆಯ ಮೇಲೆ ಕಣ್ಣಿಡುವುದು ಇನ್ನೊಂದು. ಮೊದಲ ಸಲ ಶಿಕ್ಷೆಯಾದರೆ 3 ವರ್ಷದವರೆಗೆ ಜೈಲು ಮತ್ತು ದಂಡ, ಮತ್ತೆ ಮಾಡಿದರೆ 5 ವರ್ಷದವರೆಗೆ.

ಆದ್ದರಿಂದ ಇಂಗ್ಲಿಷಿನಲ್ಲಿ ದೂರು ಬರೆಯುವವರು ಕ್ರಿಯಾಪದದಷ್ಟೇ ಕಾಲರೂಪವನ್ನೂ ಗಮನಿಸಬೇಕು. ‘ಹಿ ಫಾಲೋಡ್ ಮಿ’ ಎಂದರೆ ಒಂದು ಸಲ, ಮುಗಿದ ಘಟನೆ. ‘ಹಿ ಈಸ್ ಫಾಲೋಯಿಂಗ್ ಮಿ ಫ್ರಮ್ ಟೂ ವೀಕ್ಸ್’ ಎಂಬುದು ಕನ್ನಡದ ‘ಎರಡು ವಾರದಿಂದ’ ಎಂಬುದರ ನೇರ ನೆರಳು, ಇಂಗ್ಲಿಷ್ ಅಲ್ಲ. ‘ಹಿ ಹ್ಯಾಸ್ ಬೀನ್ ಫಾಲೋಯಿಂಗ್ ಮಿ ಫಾರ್ ಟೂ ವೀಕ್ಸ್’ ಎಂದರೆ ಆಗಿನಿಂದ ಇವತ್ತಿನವರೆಗೂ ನಡೆಯುತ್ತಿದೆ ಎಂದು ಒಂದೇ ಉಸಿರಿನಲ್ಲಿ ದಾಖಲಾಗುತ್ತದೆ. ಅದರ ಕೆಳಗೆ ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ, ಬೇಡವೆಂದು ಹೇಳಿದ್ದು ಯಾವಾಗ, ಅದಾದ ಮೇಲೂ ಎಷ್ಟು ಸಲ ಎಂಬುದನ್ನು ಬರೆಯಬೇಕು. ಕಲಮಿನ ‘ಮತ್ತೆ ಮತ್ತೆ’ ಮತ್ತು ‘ಸ್ಪಷ್ಟವಾಗಿ’ ಎಂಬ ಮಾತುಗಳಿಗೆ ಉತ್ತರ ಅಲ್ಲಿರುತ್ತದೆ. ದೂರನ್ನು ಕನ್ನಡದಲ್ಲೇ ಕೊಡಬಹುದು, ಬಹಳ ಸಲ ಅದೇ ಉತ್ತಮ. ಇನ್ನು ಹಳೆಯ ಸ್ನೇಹಿತನ ಫೋಟೋಗಳನ್ನು ರಾತ್ರಿ ಕೂತು ನೋಡಿದ್ದನ್ನು ‘ಸ್ಟಾಕ್ ಮಾಡಿದೆ’ ಎಂದು ತಮಾಷೆಗೆ ಹೇಳುವ ರೂಢಿ ಬಂದಿದೆ. ಗೆಳೆಯರ ನಡುವೆ ಪರವಾಗಿಲ್ಲ, ಆಫೀಸಿನ ಚಾಟಿನಲ್ಲಿ ಬೇಡ.

ಹೆಜ್ಜೆಗುರುತು, ವಾಸನೆ, ಬಾಲ, ನೆರಳು

ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿ ಕಣ್ಣಿನಿಂದ ಬೇಟೆಯಾಡುವ ತಳಿ. ಮೊಲ ಕಂಡಿತೋ, ಓಟ ಕಿತ್ತಿತು. ಬ್ಲಡ್‌ಹೌಂಡ್ ಮೂಗಿನ ನಾಯಿ. ಬೇಟೆ ಹೋಗಿ ಎಷ್ಟೋ ಹೊತ್ತಾದ ಮೇಲೂ ನೆಲ ಮೂಸುತ್ತ ಸಾಗುತ್ತದೆ. ಮೊದಲಿನದು ಚೇಸ್, ಎರಡನೆಯದು ಟ್ರ್ಯಾಕ್. ಬೇಟೆ ಕಾಣದೆ ಜಾಡು ಮಾತ್ರ ಇರುವಾಗ ಟ್ರ್ಯಾಕ್ ಎಂದು ತಿಳಿದರೆ ಸಾಕು. ‘ಟ್ರೇಸ್’ ಇದರ ಉಲ್ಟಾ ದಿಕ್ಕಿನದು. ಪಾರ್ಸೆಲ್ ಎಲ್ಲಿಗೆ ಬಂತು ಎಂದು ನೋಡುವುದು ಟ್ರ್ಯಾಕ್. ಬೆದರಿಕೆ ಕರೆ ಎಲ್ಲಿಂದ ಬಂತು ಎಂದು ಹಿಂದಕ್ಕೆ ಹೋಗಿ ಪತ್ತೆ ಹಚ್ಚುವುದು ಟ್ರೇಸ್. 2020ರಲ್ಲಿ ಕೊರೊನಾ ಬಂದಾಗ ಸೋಂಕಿತರು ಅದಕ್ಕೂ ಮುಂಚೆ ಯಾರನ್ನೆಲ್ಲ ಭೇಟಿಯಾಗಿದ್ದರು ಎಂದು ಹುಡುಕಿದ್ದು ಅದಕ್ಕೇ ‘ಕಾಂಟ್ಯಾಕ್ಟ್ ಟ್ರೇಸಿಂಗ್’.

‘ಟ್ರೇಲ್’ ಪದದಲ್ಲಿ ಹಿಂದುಳಿಯುವ ಛಾಯೆ ಬಲವಾಗಿದೆ. 2001ರ ಕೋಲ್ಕತ್ತ ಟೆಸ್ಟಿನಲ್ಲಿ ಆಸ್ಟ್ರೇಲಿಯಾದ 445ಕ್ಕೆ ಉತ್ತರವಾಗಿ ಭಾರತ 171ಕ್ಕೆ ಆಲೌಟ್ ಆಗಿ 274 ರನ್ ಟ್ರೇಲ್ ಮಾಡುತ್ತಿತ್ತು. ಆಗ ಹೇರಿದ್ದು ಫಾಲೋ ಆನ್, ಅಂದರೆ ಹಿಂದುಳಿದವರೇ ಕೂಡಲೇ ಮತ್ತೆ ಬ್ಯಾಟ್ ಹಿಡಿಯಬೇಕು. ಲಕ್ಷ್ಮಣ್ 281, ದ್ರಾವಿಡ್ 180 ಹೊಡೆದ ಮೇಲೆ ಬೆನ್ನತ್ತಬೇಕಾದವರು ಬದಲಾದರು. ಹತ್ತು ವರ್ಷದ ನಂತರ ಫೈನಲ್‌ನಲ್ಲಿ ಎದುರಾದದ್ದೂ 274 ಎಂಬುದು ಬರೀ ಕಾಕತಾಳೀಯ. ಸಿನಿಮಾದ ಟ್ರೇಲರ್ ಮೊದಮೊದಲು ಚಿತ್ರ ಮುಗಿದ ಮೇಲೆ ಬರುತ್ತಿತ್ತು, ಹೆಸರು ಬಂದದ್ದು ಅದರಿಂದಲೇ. ಅಕ್ಷರದಲ್ಲಿ ಎ ಮತ್ತು ಐ ಅದಲುಬದಲಾದರೆ ಇದು ‘ಟ್ರಯಲ್’ ಆಗಿ ಕೋರ್ಟು ಸೇರುತ್ತದೆ.

ಟೇಲ್, ಶ್ಯಾಡೋ ಎರಡೂ ಕನ್ನಡಿಗರ ಕಿವಿಗೆ ಪರಿಚಿತ ಕಲ್ಪನೆಗಳೇ: ಬಾಲ, ನೆರಳು. ಟೇಲ್ ಗುಟ್ಟಿನದು. ಶ್ಯಾಡೋ ಎರಡೂ ಆಗಬಹುದು. ಹೊಸಬರು ಅನುಭವಿಗಳ ಜೊತೆ ದಿನವಿಡೀ ಇದ್ದು ಕೆಲಸ ನೋಡಿ ಕಲಿಯುವುದು ‘ಜಾಬ್ ಶ್ಯಾಡೋಯಿಂಗ್’, ಇದರಲ್ಲಿ ಕದ್ದುಮುಚ್ಚಿ ಏನೂ ಇಲ್ಲ. ಟೇಲ್‌ಗೇಟ್ ಎಂಬುದು ಲಾರಿಯ ಹಿಂಬದಿಯ ಮಡಚುವ ಹಲಗೆ. ಅದಕ್ಕೆ ಮೂಗು ತಾಗುವಂತೆ ಗಾಡಿ ಓಡಿಸುವುದು ಟೇಲ್‌ಗೇಟಿಂಗ್. ಬ್ರಿಟನ್ನಿನ ಹೆದ್ದಾರಿ ನಿಯಮಾವಳಿ ಒಣ ರಸ್ತೆಯಲ್ಲಿ ಕನಿಷ್ಠ 2 ಸೆಕೆಂಡ್ ಅಂತರ, ಒದ್ದೆ ರಸ್ತೆಯಲ್ಲಿ ಕನಿಷ್ಠ ಅದರ ಎರಡರಷ್ಟು ಬಿಡಿ ಎನ್ನುತ್ತದೆ. ಬೆಂಗಳೂರಿನ ಐಟಿ ಕಚೇರಿಗಳ ಬಾಗಿಲಲ್ಲಿ ‘ನೋ ಟೇಲ್‌ಗೇಟಿಂಗ್’ ಎಂದಿದ್ದರೆ ಗಾಡಿಗೆ ಸಂಬಂಧವಿಲ್ಲ. ಮುಂದಿನವರು ಕಾರ್ಡ್ ಒತ್ತಿ ತೆರೆದ ಬಾಗಿಲಲ್ಲಿ ನೀವು ಒತ್ತದೆ ನುಗ್ಗಬೇಡಿ ಎಂದರ್ಥ.

ಇನ್ನು ಕಾಡುವ ಜಾತಿ. ‘ಹಿ ಈಸ್ ಆಫ್ಟರ್ ಮೈ ಸೈಟ್’ ಎಂದರೆ ನನ್ನ ಸೈಟಿನ ಮೇಲೆ ಅವನ ಕಣ್ಣು. ‘ಹೌಂಡ್’ ಎಂದರೆ ನೆಮ್ಮದಿಯಾಗಿ ಇರಲು ಬಿಡದಂತೆ ಬೆನ್ನುಬೀಳುವುದು. ಬೆನ್ನು ಬಿಡದ ಬೇತಾಳ ಎನ್ನುತ್ತೇವಲ್ಲ, ಅದು. ಮಾಡುವವರು ಸಾಮಾನ್ಯವಾಗಿ ಮನುಷ್ಯರು: ಸಾಲ ಕೊಟ್ಟವರು, ಕ್ಯಾಮೆರಾದವರು. ‘ಡಾಗ್’ ಕ್ರಿಯಾಪದವಾದಾಗ ಕಾಡುವುದು ಹೆಚ್ಚಾಗಿ ಗಾಯ, ವಿವಾದ, ದುರದೃಷ್ಟ. ಅದರ ಭೂತರೂಪ ‘ಡಾಗ್ಡ್’, ಒಂದೇ ಉಸಿರು. ಅವೇ ಅಕ್ಷರಗಳ ವಿಶೇಷಣವನ್ನು ‘ಡಾಗಿಡ್’ ಎಂದು ಬಿಡಿಸಿ ಓದಬೇಕು, ಅರ್ಥ ಛಲ ಬಿಡದ. ಗಾಯಗಳು ಬೆನ್ನುಬಿದ್ದ ಆಟಗಾರ ಛಲದ ಇನಿಂಗ್ಸ್ ಆಡಿದ ಎಂಬ ಸುದ್ದಿಯಲ್ಲಿ ಎರಡೂ ಒಂದೇ ಸಾಲಿನಲ್ಲಿ ಬರಬಹುದು. ಕಣ್ಣಿಗೆ ಒಂದೇ ಪದ. ಗಟ್ಟಿಯಾಗಿ ಓದಿದರೆ ಮಾತ್ರ ಯಾವುದು ಗಾಯದ್ದು, ಯಾವುದು ಆಟಗಾರನದು ಎಂದು ಗೊತ್ತಾಗುತ್ತದೆ.